ಪಕ್ಕದ ದೇಶದವರು ಸಬ್‌ಮರೀನ್ ತಗೊಂಡರಂತೆ!

ನನ್ನ ಗಂಡನ ಸೋದರಮಾವನಿಗೆ ಇಂಡೋನೇಷ್ಯಾದ ನೌಕಾಪಡೆಯ ಬಗ್ಗೆ ಇರುವಷ್ಟು ಕಾಳಜಿ ಇಂಡೋನೇಷ್ಯಾದವರಿಗೂ ಇದ್ದಂತಿಲ್ಲ! ನಂಬದಿದ್ದರೆ ಒಂದು ಬೆಳಗ್ಗೆ ನಮ್ಮ ಮನೆಗೆ ಬನ್ನಿ. ನಮ್ಮ ಬಡಾವಣೆ ನಾರ್ತ್ ಕ್ರೀಕಿನ ಜನವೆಲ್ಲ ಎದ್ದ ಕೂಡಲೇ ಹೈವೇಯಲ್ಲಿ ಟ್ರಾಫಿಕ್ ಎಷ್ಟಿದೆ ಎಂದು ನೋಡಿದರೆ, ನಮ್ಮ ಮಾಮಾ ಮಲಾಕ್ಕಾ ಜಲಸಂಧಿಯಲ್ಲಿ ಎಷ್ಟಿದೆ ಎಂದು ನೋಡುತ್ತಾರೆ.

"ಏನವ್ವಾ, ಕೇಳಿದೇನು? ಸಿಂಗಪುರದವ್ರು ಮತ್ತ ಎರಡು ಸಬ್‌ಮರೀನಿಗೆ ಆರ್ಡರ್ ಕೊಟ್ಟಾರಂತ."

"ಹೌದಾ ಮಾಮಾ? ನನ್ನ ಲಂಚ್ ಬಾಕ್ಸ್ ಮುಚ್ಚಳ ನೋಡಿದ್ರಾ?"

"ಮಲೇಷ್ಯಾದವ್ರು ಇನ್ನ ಸುಮ್ನ ಕುಂದರ್ತಾರೇನು?"

"ಮಾಮಾ, ಮುಚ್ಚಳ! ಆಫೀಸಿಗೆ ಲೇಟಾಗ್ತಿದೆ!"

ಮುಚ್ಚಳ ಸಿಕ್ಕಿತು. ಡೈನಿಂಗ್ ಟೇಬಲ್ಲಿನ ಮೇಲೆ ಅದು ಬೋರ್ನಿಯೋ ದ್ವೀಪವಾಗಿ ಮಲಗಿತ್ತು. ಸುತ್ತಲೂ ಚಮಚಗಳು ಗಸ್ತು ತಿರುಗುತ್ತಿದ್ದವು.

ಮಾಮಾ ಗದಗಿನವರು. ಗದಗಿನಲ್ಲಿ ನಿಂತು ಯಾವ ದಿಕ್ಕಿಗೆ ನೋಡಿದರೂ ಸಮುದ್ರ ಕಾಣುವುದಿಲ್ಲ. ಹಾಗಾಗಿಯೇ ಇರಬೇಕು, ಹದಿನೆಂಟು ತುಂಬಿದ ಕೂಡಲೇ ನೌಕಾಪಡೆ ಸೇರಿ ಸೀದಾ ಸಮುದ್ರದ ಒಳಗೇ ಇಳಿದುಬಿಟ್ಟರು. ಸಬ್‌ಮರೀನಿನ ಬ್ಯಾಟರಿ ನೋಡಿಕೊಳ್ಳುವುದು ಅವರ ಕೆಲಸ. ಕೊನೆಯ ಕೆಲವು ವರ್ಷ ವಿಶಾಖಪಟ್ಟಣದಲ್ಲಿ, ಅವರ ಬಾಯಲ್ಲಿ ವೈಜಾಗಿನಲ್ಲಿ, ಅದನ್ನೇ ಕಲಿಸುವ ಮೇಷ್ಟರಾಗಿದ್ದರು. ಮದುವೆ ಮಾತ್ರ ಆಗಲಿಲ್ಲ. ಯಾಕೆಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ.

"ಪೆರಿಸ್ಕೋಪ್‌ನ್ಯಾಗ ಬರೇ ಹಡಗ ಕಾಣ್ತಾವವ್ವಾ, ಹೆಣ್ಣು ಕಾಣಂಗಿಲ್ಲ," ಎಂದಿದ್ದರು.

ನಮ್ಮ ಜೊತೆಗೇ ಇರುವ ನನ್ನ ಅತ್ತೆ ಈ ಒಬ್ಬನೇ ತಮ್ಮನನ್ನು ಈ ದೇಶಕ್ಕೆ ಕರೆಸಿಕೊಳ್ಳಲು ಅರ್ಜಿ ಹಾಕಿ ಎಷ್ಟೋ ವರ್ಷಗಳಾದ ಮೇಲೆ ವೀಸಾ ಬಂತು. "ಇದಕ್ಕಿಂತ ಸಬ್‌ಮರೀನ್ ಲಗೂ ಬರ್ತಾವು," ಎನ್ನುತ್ತಲೇ ವಿಮಾನ ಇಳಿದರಂತೆ! ಈಗ ಬಾಥೆಲಿನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೆಲಸ. ಯಾವ ವಿಭಾಗ ಹೇಳಿ? ಬ್ಯಾಟರಿ! ಎದೆಯೆತ್ತರದ ಸೆಲ್ಲುಗಳನ್ನು ಮಕ್ಕಳಂತೆ ಸಾಕಿದವರು ಈಗ ಟಿವಿ ರಿಮೋಟಿನ ಸೆಲ್ಲು ಮಾರುತ್ತಾರೆ. ಸುಮ್ಮನೆ ಮಾರಿದರೆ ಚೆನ್ನಾಗಿತ್ತು. ಟಾರ್ಚಿಗೆ ಸೆಲ್ಲು ಕೇಳಿ ಬಂದ ಹೆಂಗಸೊಬ್ಬರಿಗೆ ಮುಚ್ಚಿದ ಜಾಗದಲ್ಲಿ ಬ್ಯಾಟರಿಯಿಂದ ಏನೇನು ಅನಿಲ ಬರುತ್ತದೆ, ಅದು ಹೇಗೆ ಸ್ಫೋಟಿಸುತ್ತದೆ ಎಂದೆಲ್ಲ ವಿವರಿಸಿದರಂತೆ. ಆ ತಾಯಿ ಮೇಣದಬತ್ತಿ ಕೊಂಡು ಹೋದರು!

ಯುಗಾದಿಗೆ ಮರ್ಸರ್ ಐಲ್ಯಾಂಡಿನಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಊಟವಿತ್ತು. ಮಾತೆಲ್ಲ ಹೊಸ ಕಾರಿನದು. ಮನೆಯ ಯಜಮಾನರು, "ಪಕ್ಕದ್ಮನೆಯವ್ರು ಎಲೆಕ್ಟ್ರಿಕ್ ತಗೊಂಡ್ರು ಸರ್, ನಾವೂ ಬುಕ್ ಮಾಡಿದೀವಿ," ಎಂದರು. ಒಬ್ಬಟ್ಟು ಮುರಿಯುತ್ತಿದ್ದ ಮಾಮಾ ತಲೆಯೆತ್ತಿದರು.

"ಅವ್ರು ಯಾಕ ತಗೊಂಡ್ರು?"

"ಅವರ ಪಕ್ಕದವ್ರು ತಗೊಂಡಿದ್ರಲ್ಲ, ಅದಕ್ಕೇ ಇರ್ಬೇಕು."

"ಹಂಗಾದ್ರ ನಿಮ್ಮದೂ ಆಗ್ನೇಯ ಏಷ್ಯಾನ ಆತು," ಎಂದು ಮಾಮಾ ಮತ್ತೆ ಒಬ್ಬಟ್ಟಿಗೆ ಇಳಿದರು. ಆಮೇಲೆ ಅಲ್ಲಿ ಯಾರೂ ಕಾರಿನ ಸುದ್ದಿ ಎತ್ತಲಿಲ್ಲ!

ನೀರಿನ ಕೆಳಗೆ ಬದುಕಿದ ಮನುಷ್ಯನಿಗೆ ಹೈವೇ ಎಂದರೆ ಜೀವಭಯ. ಆದ್ದರಿಂದ ಶನಿವಾರಗಳಂದು ನಾನೇ ಡ್ರೈವರ್. ಎವರೆಟ್ ಎಂಬ ಊರಿನ ಕಡಲ ದಡಕ್ಕೆ ಹೋಗಬೇಕು, ಅಲ್ಲಿ ನೌಕಾನೆಲೆಯ ಬೂದು ಹಡಗುಗಳನ್ನು ದೂರದಿಂದ ನೋಡಬೇಕು. ಒಮ್ಮೆ ದುರ್ಬೀನು ಹಿಡಿದು ನಿಂತವರನ್ನು ಕಾವಲಿನವನೊಬ್ಬ ಬಂದು ಏನು ನೋಡುತ್ತಿದ್ದೀರಿ ಎಂದು ಕೇಳಿದ. ಮಾಮಾ ನೆಟ್ಟಗೆ ನಿಂತು, "ತುಕ್ಕು" ಎಂದರು. ಅವನೂ ದುರ್ಬೀನು ಇಸಿದುಕೊಂಡು ನೋಡಿದ. "ಹೌದಲ್ಲ!" ಎಂದು ಹೋದ.

ನಾನು ನಕ್ಕೆ, ಅವರು ನಗಲಿಲ್ಲ. ಗಾಳಿಗೆ ಮೂಗೊಡ್ಡಿ ನಿಂತಿದ್ದರು. "ಇಲ್ಲಿ ಸಮುದ್ರಕ್ಕ ವಾಸನೀನ ಇಲ್ಲವ್ವಾ. ವೈಜಾಗಿನ್ಯಾಗ ಡೀಸೆಲ್ಲು, ಒಣಮೀನ, ನಮ್ಮ ಹುಡುಗ್ರ ಬೆವರ ಎಲ್ಲಾ ಕೂಡಿ ಹಿಂಗ ಬಂದು ಮಾರಿಗೆ ಬಡೀತಿತ್ತು," ಎಂದರು. ಅದು ದುರ್ವಾಸನೆಯ ವರ್ಣನೆ. ಹೇಳಿದ ಧ್ವನಿ ಮಾತ್ರ ಮಲ್ಲಿಗೆಯದು.

ದಡದಿಂದ ಹಿಂತಿರುಗುವಾಗ ಹದಿನೈದು ದಿನಕ್ಕೊಮ್ಮೆ ಅವರಿಗೆ ಕಟಿಂಗ್ ಆಗಬೇಕು. ಅದೂ ವಿಯೆಟ್ನಾಂ ಮೂಲದ ಮುದುಕರೊಬ್ಬರ ಅಂಗಡಿಯಲ್ಲೇ. ಅತ್ತೆಗೆ ಇದು ಬಗೆಹರಿಯದ ಒಗಟು. "ತಲೀ ಮ್ಯಾಲ ಇರೂದು ಹನ್ನೆರಡು ಕೂದಲ. ಅದನ್ನ ಕತ್ತರಸಾಕ ಅಷ್ಟು ದೂರ ಹೋಗ್ಬೇಕೇನ ತಮ್ಮಾ?"

"ಅಕ್ಕಾ, ಅಲ್ಲಿ ಮಾತು ಕೇಳಾಕ ಚಲೋ ಇರತೈತಿ."

ಅಲ್ಲಿಗೆ ಬರುವ ವಿಯೆಟ್ನಾಂ ಗಿರಾಕಿಗಳ ಭಾಷೆಯ ಒಂದಕ್ಷರವೂ ಮಾಮಾಗೆ ಬರುವುದಿಲ್ಲ!

ಒಂದು ಶನಿವಾರ ಮಾಮಾ ಕುಣಿಯುತ್ತಲೇ ಆ ಅಂಗಡಿಯ ಕುರ್ಚಿ ಹತ್ತಿದರು. ವಿಯೆಟ್ನಾಂ ರಷ್ಯಾದಿಂದ ಕೊಂಡ ಆರು ಸಬ್‌ಮರೀನುಗಳಲ್ಲಿ ಕೊನೆಯದು ಬಂದು ತಲುಪಿತ್ತು. ಮಾಮಾ, ಮುದುಕರು ಇಬ್ಬರೂ ಮಾತಾಡುವುದು ಮುರುಕು ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಹೇಳುತ್ತೇನೆ.

"ಅಭಿನಂದನೆ! ನಿಮ್ಮ ಆರನೆಯ ಸಬ್‌ಮರೀನ್ ಬಂತು!" ಎಂದರು ಮಾಮಾ.

ಕತ್ತರಿ ನಿಂತಿತು. "ಯಾರದು?"

"ನಿಮ್ಮ ದೇಶದ್ದು."

"ಅದು ನನ್ನ ದೇಶವಲ್ಲ," ಎಂದರು ಮುದುಕರು. "ನಾನಿದ್ದದ್ದು ದಕ್ಷಿಣ ವಿಯೆಟ್ನಾಂ ನೌಕಾಪಡೆಯಲ್ಲಿ. ಈಗ ಆ ಪಡೆಯೂ ಇಲ್ಲ, ಆ ದೇಶವೂ ಇಲ್ಲ."

ಉಳಿದರ್ಧ ತಲೆಯ ಕೆಲಸ ಮುಗಿಸಿ ಹಣ ಇಸಿದುಕೊಂಡರು. ಮಾಮಾ ಕಾರು ಹತ್ತಿ ಬೆಲ್ಟು ಕಟ್ಟಿಕೊಂಡರು. "ಅರ್ಧ ಆಯುಷ್ಯ ನೀರಿನ್ಯಾಗ ಕಳದೀನಿ. ಎದರಿಗೆ ನಿಂತ ನಾವಿಕನ ಗುರ್ತು ಹಿಡೀಲಿಲ್ಲ ನೋಡವ್ವಾ," ಎಂದರು.

ಮರುದಿನದಿಂದ ಟೇಬಲ್ಲಿನ ಮೇಲೆ ಬೋರ್ನಿಯೋ ಇಲ್ಲ! ಚಮಚಗಳೆಲ್ಲ ತಮ್ಮ ಡಬ್ಬಿಗೆ ಮರಳಿದವು. "ಏನ ತಮ್ಮಾ, ಯುದ್ಧ ಮುಗೀತೇನ?" ಎಂದು ಅತ್ತೆ ಕೆಣಕಿದರು. ಮಾಮಾ ಎದ್ದು ಕೋಣೆಗೆ ಹೋದರು. ಅತ್ತೆಗೂ ಗಾಬರಿಯಾಗಿ ರಾತ್ರಿಯೂಟಕ್ಕೆ ತಮ್ಮನಿಗೆ ಪ್ರಿಯವಾದ ಕಡಲೆಹಿಟ್ಟಿನ ಜುಣಕ ಮಾಡಿದರು. ಅದನ್ನೂ ಮುಟ್ಟಲಿಲ್ಲ.

ಎರಡು ವಾರದ ನಂತರ ಮಾಮಾ ಮತ್ತೆ ಅಂಗಡಿಗೆ ಹೋಗಿ ಕ್ಷಮೆ ಕೇಳಿ, "ನೀವು ಯಾವ ಹಡಗಿನಲ್ಲಿದ್ದಿರಿ?" ಎಂದರು. ಮುದುಕರು ಬೇರೆ ಗಿರಾಕಿ ಇಲ್ಲದ್ದು ನೋಡಿ ಕುಳಿತು ಹೇಳಿದರು. ಎಪ್ಪತ್ತೈದರಲ್ಲಿ ತಮ್ಮ ರಾಜಧಾನಿ ಸೈಗಾನ್ ಉತ್ತರದವರ ಕೈಗೆ ಬಿದ್ದಾಗ ಅವರ ಹಡಗು ನಿಲ್ಲಲು ಜಾಗವಿದ್ದಷ್ಟೂ ಜನರನ್ನು ತುಂಬಿಕೊಂಡು ಫಿಲಿಪೀನ್ಸಿಗೆ ಓಡಿತಂತೆ. ಬಂದರಿನೊಳಗೆ ಹೋಗುವ ಮೊದಲು ತಮ್ಮ ಬಾವುಟವನ್ನು ತಾವೇ ಇಳಿಸಬೇಕಾಯಿತಂತೆ. "ಹಡಗನ್ನು ಅಲ್ಲೇ ಬಿಟ್ಟು ಬಂದೆವು. ಎಂದೋ ಗುಜರಿಗೆ ಹೋಗಿರಬೇಕು," ಎಂದು ಅದರ ಮೂತಿಯ ಮೇಲಿದ್ದ ನಂಬರು ಹೇಳಿದರು.

ಮಾಮಾ ಆ ನಂಬರನ್ನು ಅಂಗೈ ಮೇಲೆ ಬರೆದುಕೊಂಡರು. ಯಾವ ದೇಶದವರು ಯಾವ ಹಡಗನ್ನು ಯಾರಿಂದ ತಂದರು, ಏನು ಹೆಸರಿಟ್ಟರು ಎಂದು ವರ್ಷಗಟ್ಟಲೆ ತಲೆಯಲ್ಲಿ ತುಂಬಿಕೊಂಡಿದ್ದರಲ್ಲ, ನಾವೆಲ್ಲ ನಗುತ್ತಿದ್ದೆವಲ್ಲ, ಅದು ಕೆಲಸಕ್ಕೆ ಬಂದದ್ದು ಆಗ. ದಿನವೂ ಲೈಬ್ರರಿಯಲ್ಲಿ ಕೂತು ಹಳೆಯ ನಂಬರಿಗೆ ಹೊಸ ಹೆಸರನ್ನು ತಾಳೆ ಹಾಕಿದರು. ಮುಂದಿನ ಶನಿವಾರ ಆ ಹಡಗಿನ ಒಂದು ಫೋಟೋ ಹಿಡಿದು ಅಂಗಡಿಗೆ ಓಡಿದರು.

ಮುದುಕರು ಕೈಯನ್ನು ಎರಡೆರಡು ಸಲ ಒರೆಸಿಕೊಂಡು ಫೋಟೋ ಇಸಿದುಕೊಂಡರು. ಬಣ್ಣ ಹೊಸದು, ಹೆಸರು ಬೇರೆ, ಬಾವುಟ ಫಿಲಿಪೀನ್ಸಿನದು. ಅವರ ಬೆರಳು ಮಾತ್ರ ಹಿಂಭಾಗದ ಕಟಕಟೆಯ ಹತ್ತಿರ ಸೀದಾ ಹೋಗಿ ನಿಂತಿತು.

"ಇಲ್ಲಿ. ನನ್ನ ಹೆಂಡತಿ ಇಲ್ಲಿ ಕುಳಿತಿದ್ದಳು. ಮಗುವಿನ ತಲೆ ಮೇಲೆ ನನ್ನ ಟೋಪಿ." ಫೋಟೋವನ್ನು ಹತ್ತಿರ ಹಿಡಿದು, "ಈಗಲೂ ಓಡುತ್ತದೆಯೇ?" ಎಂದರು.

"ಓಡುತ್ತದೆ. ಆದರೆ ಫಿಲಿಪೀನ್ಸಿನವರೀಗ ಹೊಸ ಯುದ್ಧನೌಕೆ ತರಿಸುತ್ತಿದ್ದಾರೆ. ಅವು ಬಂದರೆ ಇದಕ್ಕೆ ನಿವೃತ್ತಿ."

"ನಾನು ನೌಕರಿ ಮಾಡಿದ್ದು ಎರಡೇ ವರ್ಷ. ಇದು ಇನ್ನೂ ಮಾಡುತ್ತಿದೆ ಮುದಿಗೊಡ್ಡು!" ಎಂದು ಮುದುಕರು ನಕ್ಕರು. ಕಣ್ಣು ತುಂಬಿತ್ತು. ಆಮೇಲೆ ಕೇಳಿದರು, "ಇರಲಿ, ಆ ಉತ್ತರದವರ ಸಬ್‌ಮರೀನ್ ಬಂದರೆ ನಿಮಗೇಕೆ ಅಷ್ಟು ಸಂತೋಷ?"

ಮಾಮಾ ಅಂಗಿಯ ಜೇಬಿನಿಂದ ಇನ್ನೊಂದು ಕಾಗದ ತೆಗೆದರು. ಮಡಿಕೆಗುಂಟ ಹರಿಯಲು ಬಂದಿದ್ದ ಅದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿರಲಿಲ್ಲ. ವಿಯೆಟ್ನಾಂ ಪತ್ರಿಕೆಯೊಂದರ ಚಿತ್ರ. ಸಬ್‌ಮರೀನಿನ ಬೆನ್ನ ಮೇಲೆ ಸಾಲಾಗಿ ನಿಂತ ನಾವಿಕರು.

"ಇವರಲ್ಲಿ ಕೆಲವರು ತರಬೇತಿಗೆ ವೈಜಾಗಿಗೆ ಬಂದಾಗ ನಾನು ಕಲಿಸಿದ್ದೆ. ಒಬ್ಬನಿದ್ದ. ನನ್ನ ತಾಯಿ ತೀರಿಕೊಂಡ ಸುದ್ದಿ ಬಂದಾಗ ನನಗೆ ಊರಿಗೆ ಹೋಗಲಾಗಲಿಲ್ಲ. ಆ ಹುಡುಗ ಮೂರು ದಿನ ಗಂಜಿ ಮಾಡಿ ತಂದು ಪಕ್ಕದಲ್ಲಿ ಕೂತಿದ್ದ. ಅವನಿಗೆ ನನ್ನ ಭಾಷೆ ಬಾರದು, ನನಗೆ ಅವನದು ಬಾರದು. ಎಲ್ಲಿದ್ದಾನೋ." ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಮಗ್ಗಲದವ್ರು ಒಂದು ಹೊಸಾದು ತಗೊಂಡಾರ ಅಂತ ಓದಿದ ಕೂಡಲೇ ಅವನ ಮಾರಿ ಕಣ್ಣ ಮುಂದ ಬರತೈತವ್ವಾ," ಎಂದರು.

ಮುದುಕರು ಕಾಗದ ಮುಟ್ಟಲಿಲ್ಲ. ಚಿತ್ರದ ಮೂಲೆಯಲ್ಲಿ ಉತ್ತರದವರ ಬಾವುಟವಿತ್ತು. ಕತ್ತರಿ ತೊಳೆದಿಟ್ಟರು, ಟವೆಲು ಮಡಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡು ಬಂದು ಕೈ ಚಾಚಿದರು.

"ಹೆಸರೇನು?"

"ಡುಂಗ್."

ಚಿತ್ರದ ಕೆಳಗಿನ ಸಣ್ಣಕ್ಷರಗಳ ಮೇಲೆ ಅವರ ಕಣ್ಣು ಓಡಿತು. "ಅಂಥ ಹೆಸರೇ ನಮ್ಮಲ್ಲಿಲ್ಲ. ಬರೆದು ತೋರಿಸಿ."

ಮಾಮಾ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರು. ಮುದುಕರು ಬಾಯ್ತುಂಬ ನಕ್ಕರು. "ಇದು ಡುಂಗ್ ಅಲ್ಲ! ನಮ್ಮ ಕಡೆ ಯೂಂಗ್ ಅಂತೇವೆ. ಅವರು ಉತ್ತರದವರು ಝೂಂಗ್ ಅಂತಾರೆ."

ಮಾಮಾರ ಮುಖ ಪೆಚ್ಚಾಯಿತು. "ಉಳಿದ ಹುಡುಗರು ಹಾಗೇ ಏನೋ ಕರೆಯುತ್ತಿದ್ದರು. ಅಡ್ಡಹೆಸರು ಅಂದುಕೊಂಡಿದ್ದೆ. ವರ್ಷವಿಡೀ ಡುಂಗ್ ಅಂತ ಕೂಗಿದೆ, ಕೂಗಿದಾಗೆಲ್ಲ 'ಯೆಸ್ ಸರ್' ಅಂತ ಎದ್ದು ನಿಂತ!"

"ಮೇಷ್ಟರನ್ನು ತಿದ್ದಬಾರದು ಅಂತ ಸುಮ್ಮನಿದ್ದಾನೆ," ಎಂದರು ಮುದುಕರು. ಮತ್ತೆ ಬಗ್ಗಿ ಓದಿದರು. "ಬಲದಿಂದ ಮೂರನೆಯವನು. ಝೂಂಗ್." ಉತ್ತರದವರು ಹೇಳುವ ಹಾಗೆಯೇ ಹೇಳಿದರು.

ಅವನೇ ಡುಂಗ್ ಎಂದು ಮಾಮಾ ಪೆನ್ಸಿಲಿನಲ್ಲಿ ಸುತ್ತು ಹಾಕಿಟ್ಟಿದ್ದು ಬೇರೆ ಯಾರಿಗೋ! ಕಾಗದವನ್ನು ಬೆಳಕಿಗೆ ಹಿಡಿದರು. "ದಪ್ಪ ಆಗ್ಯಾನವ್ವಾ," ಎಂದು ನನಗೆ ತೋರಿಸಿದರು. ಆಮೇಲೆ ತರಗತಿಯಲ್ಲಿ ಹಾಜರಿ ಕರೆಯುವಂತೆ ಮೆಲ್ಲಗೆ, "ಝೂಂಗ್" ಎಂದರು. ಉತ್ತರ ಬರಬಹುದೇನೋ ಎಂಬಂತೆ ಕಾಗದದತ್ತ ಕಿವಿ ವಾಲಿಸಿದರು.