ನೆಟ್ಟಗೆ ನಿಲ್ಲಿಸಿದ ರೊಟ್ಟಿ

ಗಾಳಿ ವಸ್ತುವನ್ನು ಹೇಗೆ ತಡೆಯುತ್ತದೆ ಎಂಬುದನ್ನು ನಮ್ಮೂರು ಮಸೂತಿಯಲ್ಲಿ ನನ್ನಷ್ಟು ಬಲ್ಲವರಿರಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವನು ನಾನು!

ಅಂದು ಮಗಳ ಕುಬಸ. ಬೀಗರ ಊರು ಕೊಲ್ಹಾರದ ಸೇತುವೆಯಾಚೆ. ಸೀಮಂತಕ್ಕೆ ಬಸುರಿಗೆ ತವರಿನ ಬುತ್ತಿ ಹೋಗಬೇಕು. ಬುತ್ತಿ ಕೆಟ್ಟರೆ ಅತ್ತೆಮನೆಯಲ್ಲಿ ಮಗಳು ತಲೆ ತಗ್ಗಿಸಬೇಕು. ಹೆಂಡತಿ ಶಾಂತವ್ವ ಎರಡು ದಿನ ಒಲೆಯ ಮುಂದೆ ಕೂತು, ಹಪ್ಪಳದಷ್ಟು ತೆಳ್ಳಗಿನ ಐವತ್ತು ಕಡಕ್ ಜೋಳದ ರೊಟ್ಟಿ ಬಡಿದಿದ್ದಳು.

"ಬುಟ್ಟ್ಯಾಗ ಇಟ್ಟು ತೊಡಿ ಮ್ಯಾಲ ಹಿಡ್ಕೊಂತೇನಿ," ಎಂದಳು.

"ಬುಟ್ಟಿ ಅಗಲ ಐತಿ, ಗಾಳಿ ಹಿಡೀತೈತಿ," ಎಂದೆ. ರೊಟ್ಟಿಗಳನ್ನು ಧೋತರದಲ್ಲಿ ಸುತ್ತಿ, ಬೈಕಿನ ಪಕ್ಕಕ್ಕೆ ಗಾಲಿಯಂತೆ ನೆಟ್ಟಗೆ ನಿಲ್ಲಿಸಿ ಕಟ್ಟಿದೆ. ಎದುರು ಗಾಳಿಗೆ ಅಂಚು ಮಾತ್ರ! ಮೀನಿಗೆ ಬಾಲವಿದೆಯಲ್ಲ, ಹಾಗೆ ಧೋತರದ ತುದಿಯನ್ನೂ ಹಿಂದಕ್ಕೆ ಇಳಿಬಿಟ್ಟೆ.

"ತಲಿ ಬಗ್ಗಿಸಿ ಕುಂದ್ರು. ಗಾಳಿಗಿ ಅಡ್ಡ ಬರಬ್ಯಾಡ."

"ನಿಮ್ಮ ಕೈ ಹಿಡದಾಗಿಂದ ಬಗ್ಗಿಸ್ಕೊಂಡ ಅದೇನಿ."

ಕೊಲ್ಹಾರದವರೆಗೆ ನನ್ನ ವಿಜ್ಞಾನ ಗೆದ್ದಿತು. ಸೇತುವೆಯ ಮೇಲೆ ಹಿನ್ನೀರಿನ ಗಾಳಿ ಪಕ್ಕದಿಂದ ಬಂತು. ಪಕ್ಕಕ್ಕೆ ರೊಟ್ಟಿಯ ಪೂರ್ತಿ ಅಗಲವಿತ್ತು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬೈಕು ವಾಲಿತು. ಬೇಗ ದಾಟಿಬಿಡೋಣವೆಂದು ವೇಗ ಹೆಚ್ಚಿಸಿದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನೂ ನಾನೇ! ಧೋತರದ ಬಾಲ ಪಟಪಟ ಬಡಿದು ಗಂಟನ್ನೇ ಬಿಚ್ಚಿಸಿತು.

"ರೀ, ರೊಟ್ಟಿ ಹಾರಾಕತ್ತಾವ್ರೀ!"

ನನ್ನ ನೆನಪಿನಲ್ಲಿ ಅವು ಬೆಳ್ಳಕ್ಕಿಗಳಂತೆ ಸಾಲಾಗಿ ಹಾರಿದವು. ಅದನ್ನು ನಂಬಬೇಡಿ, ಸುಮ್ಮನೆ ಉದುರಿರಬೇಕು. ಬಿರುಗಾಳಿ ಎದ್ದಿತ್ತು ಎಂದೂ ನೆನಪು. ಶಾಂತವ್ವನ ನೆನಪಿನಲ್ಲಿ ಗಾಳಿಯೇ ಇರಲಿಲ್ಲ. ನಾನಿದ್ದೆ.

ಬೀಗರ ಮನೆಯಲ್ಲಿ ಬೀಗತಿ ಉಳಿದ ಗಂಟು ಬಿಚ್ಚಿ ನೋಡಿದರು. "ಬೀಗರ, ರೊಟ್ಟಿ ತಂದೀರೋ, ನುಚ್ಚು ತಂದೀರೋ?"

ಶಾಂತವ್ವ ನೆಲ ನೋಡಿದಳು. ಮಗಳು ತಾಯಿಯ ಮುಖ ನೋಡಿದಳು, ಆಮೇಲೆ ನನ್ನ ಮುಖ. ಒಂದು ಹಿಡಿ ಚೂರಿಗೆ ಮೊಸರು ಸುರಿದುಕೊಂಡಳು.

"ಅತ್ತಿ, ಪುಡಿ ಮಾಡೇ ತರ್ರಿ ಅಂತ ನಾನ ಹೇಳಿದ್ದೆ. ಬಯಕಿ ನೋಡ್ರಿ!"

ಕುಬಸದ ಮಾನ ಉಳಿಯಿತು. ನನ್ನದು ಉಳಿಯಲಿಲ್ಲ. ಸಂಜೆ ಶಾಂತವ್ವ, "ನಾ ಬಸ್ಸಿಗಿ ಬರ್ತೇನಿ," ಎಂದಳು.

ವಾಪಸು ಬರುವಾಗ ಬೈಕಿನ ಹಿಂದೆ ಹೆಂಡತಿಯಿಲ್ಲ, ಪಕ್ಕದಲ್ಲಿ ರೊಟ್ಟಿಯಿಲ್ಲ. ಗಾಳಿಯೂ ಬಿದ್ದುಹೋಗಿತ್ತು. ತಡೆಯುವಂಥದ್ದು ಏನೂ ಇರಲಿಲ್ಲ. ಆದರೂ ಮನೆ ಮುಟ್ಟಲು ಎರಡು ಪಟ್ಟು ಹೊತ್ತು ಹಿಡಿಯಿತು.