ಬಿಪಿ ಯಾರ ಕಡೆಯದು?

ಪ್ರಾಣಿಶಾಸ್ತ್ರದಲ್ಲಿ ಮೊದಲ ದರ್ಜೆಯ ಬಿ.ಎಸ್ಸಿ. ಮಾಡಿದವಳು ನಾನು. ಮನೆಯವರೆಲ್ಲರ ಬಿಪಿ ಅಳೆದು, ತಾರೀಖು ಹಾಕಿ ಬರೆದಿಡುತ್ತೇನೆ. ಹಾಗಿದ್ದೂ ತಿರುವನಂತಪುರದ ನಮ್ಮ ಫ್ಲಾಟಿನಲ್ಲಿ ಬಿಪಿಯ ದೆಸೆಯಿಂದ ದಿನಕ್ಕೊಂದು ರಗಳೆ ತಪ್ಪಿದ್ದಲ್ಲ. ಹೇಳೋದಕ್ಕೂ ಸುಸ್ತು.

ಶುರುವಾದದ್ದು ಮಗಳಿಂದ. ಕೊಚ್ಚಿಯಲ್ಲಿ ಬ್ಯಾಂಕ್ ಕೆಲಸ, ವಯಸ್ಸು ಮೂವತ್ತೆರಡು. ರಜೆಗೆ ಮನೆಗೆ ಬಂದಾಗ ಅಳೆದರೆ ಬಿಪಿ ನೂರ ಅರವತ್ತು. ಮಾತ್ರೆ ತೊಗೋ ಎಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಮಿಷನ್

ಕೊಚ್ಚಿಯಲ್ಲೇ ಇರುವ ಅತ್ತಿಗೆ, ಅಂದರೆ ನಮ್ಮವರ ಅಕ್ಕ, ಸುದ್ದಿ ಕೇಳಿ ಬಂದಿಳಿದರು.

"ನಮ್ಮ ವಂಶದಲ್ಲಿ ಬಿಪಿ ಅನ್ನೋದೇ ಇಲ್ಲಮ್ಮ. ನಿಮ್ಮ ಕಡೆಯದೇ ಇರಬೇಕು."

"ಯಾವತ್ತಾದರೂ ನೋಡಿಸಿದ್ದೀರಾ, ಅತ್ತಿಗೆ?"

"ಇಲ್ಲದ್ದನ್ನ ಯಾಕೆ ನೋಡಿಸಲಿ?"

ತೋಳಿಗೆ ಪಟ್ಟಿ ಸುತ್ತಿ ಅಳೆದೆ. ನೂರ ಎಪ್ಪತ್ತೆಂಟು! ಅತ್ತಿಗೆ ಪಟ್ಟಿ ಬಿಚ್ಚುತ್ತಾ ಕೇಳಿದರು, "ಈ ಮಿಷನ್ ಕೊಡಿಸಿದ್ದು ಯಾರು?"

"ನನ್ನ ತಮ್ಮ."

"ಅದಕ್ಕೇ."

ತ್ಯಾಗ

ನಮ್ಮವರದು ಮಾತ್ರ ನೂರಿಪ್ಪತ್ತು ದಾಟುವುದಿಲ್ಲ. ಅದೇ ಉಪ್ಪು ಕೆಲವರ ಬಿಪಿ ಏರಿಸುತ್ತದೆ, ಕೆಲವರದನ್ನು ಅಷ್ಟಾಗಿ ಏರಿಸುವುದಿಲ್ಲ, ಅದರಲ್ಲಿ ಹುಟ್ಟಿನಿಂದ ಬಂದ ಜೀನಿನ ಪಾಲೂ ಇದೆ ಎಂದು ಊಟದ ಹೊತ್ತಿಗೆ ವಿವರಿಸಿದೆ. ವಿವರಿಸಬಾರದಿತ್ತು.

"ಕೇಳಿದೆಯೇನೇ, ನನಗೆ ಉಪ್ಪು ನಾಟೋದಿಲ್ಲ!" ಎಂದವರೇ ಮಗಳ ತಟ್ಟೆಯ ಮಾವಿನಮಿಡಿಯನ್ನೂ ಎತ್ತಿಕೊಂಡರು. ಗದರಿದೆ.

"ಮಗಳ ಆರೋಗ್ಯಕ್ಕೆ ತಂದೆಯಾದವನು ಇಷ್ಟೂ ಮಾಡಬಾರದೇ?"

ತೀರ್ಪು

ಕೊನೆಗೆ ಮಗಳನ್ನು ಪಟ್ಟಂ ಬಡಾವಣೆಯ ಮಲಯಾಳಿ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ. ಅತ್ತಿಗೆಯೂ ಆಟೋ ಹತ್ತಿದರು. ಅವರ ಕಡೆಯವರೊಬ್ಬರು ಇರಬೇಕಂತೆ.

ಮಗಳು ಇಂಗ್ಲಿಷಿನಲ್ಲಿ ವಾದ ಹೂಡಿದಳು: ಜೀನಿನಲ್ಲೇ ಇರುವುದಕ್ಕೆ ಮಾತ್ರೆ ಏನು ಮಾಡೀತು?

ಡಾಕ್ಟರಮ್ಮ ಮಗಳೇ ಎಂದೇ ಕರೆದು ಕೇಳಿದರು, "ಮೋಳೇ, ಈ ಕನ್ನಡಕ ಯಾರ ಕಡೆಯಿಂದ ಬಂತು?"

"ಅಮ್ಮನ ಕಡೆಯಿಂದ."

"ಹಾಗಂತ ತೆಗೆದಿಟ್ಟು ಸ್ಕೂಟರ್ ಓಡಿಸ್ತೀಯಾ?"

ಮಗಳು ಬಾಯಿ ಮುಚ್ಚಿದಳು. ಅತ್ತಿಗೆ ಬಾಯಿ ತೆರೆದರು. "ಅದಿರಲಿ ಡಾಕ್ಟರೇ, ಬಿಪಿ ಯಾರ ಕಡೆಯದು?"

ಡಾಕ್ಟರಮ್ಮ ಅತ್ತಿಗೆಯನ್ನು ಅಕ್ಕ ಮಾಡಿಕೊಂಡರು. "ಇದು ಒಂದು ಜೀನಿನ ಕೆಲಸ ಅಲ್ಲ ಚೇಚಿ. ನೂರಾರು ಇವೆ, ಒಂದೊಂದರದೂ ಚೂರು ಪಾಲು, ಎರಡೂ ಕಡೆಯಿಂದ. ಮೇಲೆ ಉಪ್ಪು, ನಿದ್ದೆಗೇಡು. ಮಾತ್ರೆ ನುಂಗಿದರೆ ಇಳಿಯುತ್ತೆ."

"ಈ ಡಾಕ್ಟರಿಗೆ ಏನೂ ಗೊತ್ತಿಲ್ಲ" ಎಂದರು ಅತ್ತಿಗೆ, ಹೊರಗೆ ಬಂದ ಮೇಲೆ. ಫೋನಿನಲ್ಲಿ ನನ್ನ ತಮ್ಮನೂ ಅದನ್ನೇ ಅಂದ. ನನ್ನ ಮದುವೆಯಾದ ಮೇಲೆ ಎರಡು ಮನೆಯವರೂ ಒಪ್ಪಿದ ಮೊದಲ ಮಾತು ಅದು.

ಮಗಳು ಮಾತ್ರೆ ಶುರು ಮಾಡಿದಳು. ಮುಂದಿನ ತಿಂಗಳು ಬಂದಾಗ ಅಳೆದೆ. ನೂರ ಇಪ್ಪತ್ತಾರು. ನಂಬಿಕೆಯಾಗದೆ ಇನ್ನೊಮ್ಮೆ ಅಳೆದೆ. ಅಷ್ಟೇ ಇತ್ತು. ಕಣ್ಣು ಒರೆಸಿಕೊಂಡು ಅತ್ತಿಗೆಗೆ ಫೋನ್ ಮಾಡಿದೆ.

"ನಾನು ಹೇಳಲಿಲ್ವೇನಮ್ಮಾ?" ಎಂದರು. "ಏರಿದ್ದು ನಿಮ್ಮ ಕಡೆಯಿಂದ. ಇಳಿದದ್ದು ನಮ್ಮ ಕಡೆಯಿಂದ."