ಹೆಚ್ಚು ಉಣ್ಣುವವರು ಸವಣೂರಿನವರೋ, ಶಿಗ್ಗಾಂವಿಯವರೋ?

ದೊಡ್ಡ ದೊಡ್ಡ ಕೆಲಸಗಳು ನನ್ನ ಮನೆ ಬಾಗಿಲನ್ನೇ ಯಾಕೆ ಬಡಿಯುತ್ತವೋ ಗೊತ್ತಿಲ್ಲ. ಎರಡು ದೇಶಗಳ ಹೊಟ್ಟೆ ಅಳೆದ ಗಂಡಸು ಈ ಸೀಮೆಯಲ್ಲಿ ನಾನೊಬ್ಬನೇ! ಆಗ ಸವಣೂರು ನವಾಬರ ಸಂಸ್ಥಾನ, ಪಕ್ಕದ ಶಿಗ್ಗಾಂವಿ ಬ್ರಿಟಿಷರದು. ಯಾವ ಕಡೆಯ ಜನ ಊಟಕ್ಕೆ ಹೆಚ್ಚು ಖರ್ಚು ಮಾಡುತ್ತಾರೆಂದು ಹೋಲಿಸಿ ಬರೆಯಲು ಬ್ರಿಟಿಷ್ ಸರ್ಕಾರದ ಗುಮಾಸ್ತರೊಬ್ಬರು ಬಂದರು. ವರದಿ ಒಪ್ಪಿಗೆಯಾದರೆ ಅವರಿಗೆ ಬಡ್ತಿ, ಇಲ್ಲವಾದರೆ ನೌಕರಿಗೇ ಕುತ್ತು. ದಾರಿ ತೋರಿಸಲು, ಮತ್ತ್ಯಾರು, ನಾನೇ!

೧. ಶಿಗ್ಗಾಂವಿಯ ವಾಸನೆ

ಸರ್ಕಾರದವರು ಕೇಳುತ್ತಾರೆಂದರೆ ಹೊಸ ಕಂದಾಯವೇ ಎಂದು ಶಿಗ್ಗಾಂವಿ ಹೆದರಿತು.

"ಏನ್ ಉಣ್ತೀರಿ ಅವ್ವಾ?" ಎಂದರು ಗುಮಾಸ್ತರು.

"ನಾವೆಲ್ಲಿ ಉಣ್ತೇವ್ರಿ ಸಾಹೇಬ್ರ! ನೀರು ಕುಡದು ಮಲಗ್ತೇವಿ."

"ಮತ್ತ ಹೋಳಿಗಿ ವಾಸನಿ?"

"ಬಾಜೂ ಮನೀದ್ರಿ."

ಬಾಜೂ ಮನೆಯಲ್ಲಿ ಕೇಳಿದರೆ ಅದರ ಬಾಜೂ ಮನೆಯದು. ಓಣಿ ಮುಗಿಯಿತು, ಕಡೆಯ ಮನೆಯಾಕೆ ಹೊಲದ ಕಡೆ ಕೈ ತೋರಿಸಿದಳು!

೨. ಸವಣೂರಿನ ಖಾರ

ಬ್ರಿಟಿಷರ ಜೊತೆ ಪೈಪೋಟಿ ಎಂದು ಸವಣೂರಿನವರ ಎದೆ ಉಬ್ಬಿತ್ತು. ಎಲೆಬಳ್ಳಿ ತೋಟದ ಧಣಿಯೊಬ್ಬರು, "ನಾವು ತುಪ್ಪದಾಗ ಕೈ ತೊಳಿತೇವಿ, ಬರಕೋರಿ" ಎಂದು ಊರಿನ ಹೆಸರಾಂತ ಕರಿದ ತಿಂಡಿ ಖಾರವನ್ನು ಬುಟ್ಟಿ ತುಂಬ ತಂದಿಟ್ಟರು. ಮನೆಮನೆಯಲ್ಲೂ ತಿಂದು ಗುಮಾಸ್ತರ ಕಣ್ಣು, ಮೂಗು ಒಟ್ಟಿಗೇ ಸುರಿದವು.

ಧಣಿ ಹಿಗ್ಗಿಬಿಟ್ಟರು: "ಇದನ್ನೂ ಬರೀರಿ! ಅತ್ರೂ ಬಿಡಂಗಿಲ್ಲ, ತಿನಸ್ತೇವಿ!"

೩. ಯುದ್ಧ ಬಂತು, ಮಾತು ತಿರುಗಿತು

ಕೆಲವು ವರ್ಷ ಕಳೆದು ಯುದ್ಧಕಾಲದಲ್ಲಿ ಗುಮಾಸ್ತರು ಮತ್ತೆ ಬಂದರು. ಹಳೆಯ ವರದಿ ಇನ್ನೂ ಒಪ್ಪಿಗೆಗೆ ಕಾದು ಕಡತದಲ್ಲೇ ಇತ್ತು; ಆಗಿನದನ್ನೂ ಈಗಿನದನ್ನೂ ಹೋಲಿಸಬೇಕಂತೆ. ಹೆಚ್ಚು ತಿನ್ನುವವರಿಗೆ ಹೆಚ್ಚು ರೇಶನ್ ಸಕ್ಕರೆ ಎಂದು ಶಿಗ್ಗಾಂವಿಯಲ್ಲಿ ಪುಕಾರು. ನೀರು ಕುಡಿದು ಮಲಗುತ್ತಿದ್ದ ಅವ್ವ, "ದಿನಾ ಪಾಯಸಾರಿ, ನಾಯಿಗೂ ಹಾಕ್ತೇವಿ" ಎಂದಳು. ಇತ್ತ ಸವಣೂರಿನಲ್ಲಿ, ಯುದ್ಧಕ್ಕೆಂದು ಸರ್ಕಾರದವರು ಮನೆಯ ಕಾಳು ಒಯ್ಯುತ್ತಾರೆಂಬ ಭಯ. ತುಪ್ಪದ ಧಣಿ, "ಉಣ್ಣೂದ ಬಿಟ್ಟೇವ್ರಿ" ಎಂದುಬಿಟ್ಟರು.

ಗುಮಾಸ್ತರು ತಲೆ ಹಿಡಿದು ಕೂತರು. "ಲೋಕಕ್ಕೆಲ್ಲ ಬರಗಾಲ, ಶಿಗ್ಗಾಂವಿ ನಾಯಿಗೆ ಪಾಯಸ! ಇದನ್ನ ಬರದ್ರ ನನ್ನ ನೌಕರಿ ಉಳೀತದೇನೋ?"

೪. ನನ್ನ ತಲೆ ಓಡಿತು

"ಬಾಯಿ ಕೇಳಬ್ಯಾಡ್ರಿ, ಊಟದ ಎಲಿ ನೋಡ್ರಿ" ಎಂದೆ. ಅದೇ ಧಣಿಯ ಮಗಳ ಮದುವೆ, ವರ ಶಿಗ್ಗಾಂವಿಯವ. ಸವಣೂರು ಒಂದು ಪಂಕ್ತಿ, ಶಿಗ್ಗಾಂವಿ ಎದುರು ಪಂಕ್ತಿ, ನಡುವೆ ಗುಮಾಸ್ತರು. ನಾನು ಎದ್ದು ನಿಂತು ಸಾರಿದೆ: "ಎರಡು ದೇಶದ ಇಜ್ಜತ್ತು ಇವತ್ತ ನಿಮ್ಮ ಹೊಟ್ಟ್ಯಾಗ ಐತಿ!"

ಶುರುವಾಯಿತು ನೋಡಿ! ಎದುರಿನವರು ಏಳದೆ ಇವರು ಏಳುವುದಿಲ್ಲ, ಇವರು ಏಳದೆ ಅವರು ಏಳುವುದಿಲ್ಲ. ನಡುವೆ ಕೂತವರು ಪಕ್ಷಪಾತ ಮಾಡಬಾರದಲ್ಲ! ಸವಣೂರಿನ ಪಂಕ್ತಿಗೆ ಹೋಳಿಗೆ ಬಂದಾಗ ಗುಮಾಸ್ತರಿಗೊಂದು, ಶಿಗ್ಗಾಂವಿಗೆ ಬಂದಾಗ ಇನ್ನೊಂದು.

"ಸಾಹೇಬ್ರ, ಯಾರರೆ ಗೆದ್ದಾರಂತ ಹೇಳ್ರಿ, ಅಡಗಿ ಮುಗೀತು!" ಎಂದು ಧಣಿ ಕೈಮುಗಿದರು.

ಗುಮಾಸ್ತರನ್ನು ನಾವು ಎತ್ತಿ ನಿಲ್ಲಿಸಿದೆವು. ಕ್ಷೀಣ ದನಿಯಲ್ಲಿ ಹೇಳಿ ನನ್ನ ಕೈಲಿ ವರದಿ ಬರೆಸಿದರು: "ಎರಡೂ ದೇಶ ಸರಿಸಮ. ಎರಡನ್ನೂ ಮೀರಿಸಿ ಉಂಡಾಂವ, ತಪಾಸಣಿಗೆ ಬಂದಾಂವ."

ಬಡ್ತಿ ಬಂತು, ಸ್ವಾಮಿ! ಜೊತೆಗೆ ಮೇಲಧಿಕಾರಿಯ ಹುಕುಂ: "ಮುಂದಿನ ಮದುವೆಯ ತಪಾಸಣೆಗೆ ನಾನೇ ಖುದ್ದು ಬರುತ್ತೇನೆ."